ದಮ್ಮು ಹೆಚ್ಚಿದ್ದು ಗೊತ್ತಾಗುವುದು ಹೇಗೆ?

1954ರ ಏಪ್ರಿಲ್ ತಿಂಗಳು. ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಪಣ ತೊಟ್ಟಿದ್ದರು. ಮಧ್ಯಾಹ್ನದ ಊಟದ ಬಿಡುವಿನಲ್ಲೇ ಅವರ ಅಭ್ಯಾಸ. ಕಾಲು ಮೈಲಿ ಓಟ, ನಡುವೆ ಎರಡು ನಿಮಿಷ ಸುಧಾರಿಕೆ. ಹೀಗೆ ಹತ್ತು ಸಲ. ಪ್ರತಿ ಸುತ್ತೂ 60 ಸೆಕೆಂಡಿಗೆ ಇಳಿಯಬೇಕಿತ್ತು. ಆದರೆ 61ಕ್ಕೆ ಬಂದು ನಿಂತದ್ದು ಕದಲಲೇ ಇಲ್ಲ. ಬೇಸತ್ತ ಬ್ಯಾನಿಸ್ಟರ್ ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿನ ಗ್ಲೆನ್‌ಕೋಗೆ ಹೋಗಿ ಕೆಲವು ದಿನ ಬಂಡೆ ಹತ್ತಿದರು. ಮರಳಿ ಬಂದು ಸುಧಾರಿಸಿಕೊಂಡು ಓಡಿದಾಗ ಅದೇ ಸುತ್ತು 59 ಸೆಕೆಂಡ್! ಮೇ 6ರಂದು ಆಕ್ಸ್‌ಫರ್ಡಿನ ಮೈದಾನದಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಯಿತು.

ಬಂಡೆ ಹತ್ತಿದ್ದರಿಂದಲೇ ವೇಗ ಬಂತು ಎಂದರೆ ತಪ್ಪಾದೀತು. ಮೂರು ನಾಲ್ಕು ದಿನಗಳಲ್ಲಿ ಯಾರ ಹೃದಯವೂ ಬದಲಾಗುವುದಿಲ್ಲ. ತಿಂಗಳುಗಟ್ಟಲೆ ಗಳಿಸಿದ್ದ ಕಸುವು ದಣಿವಿನ ಅಡಿಯಲ್ಲಿ ಮುಚ್ಚಿಹೋಗಿತ್ತು, ಅಷ್ಟೇ. ದಿನವೂ ಅದೇ ಓಟ ಓಡುವವನಿಗೆ ತನ್ನ ಗಳಿಕೆ ತನಗೇ ಕಾಣದಿರುವುದು ಅಪರೂಪವಲ್ಲ. ಬೇರೆ ಆಟದ ಕಡೆ ಹೊರಳಿದಾಗ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಓಟಗಾರ ವಾರಕ್ಕೆರಡು ದಿನ ಸೈಕಲ್ ತುಳಿಯುವುದು, ಈಜುವುದು, ಸಂಜೆ ಕಬಡ್ಡಿಯೋ ಷಟಲ್ಲೋ ಆಡುವುದು - ಇದಕ್ಕೆ ‘ಕ್ರಾಸ್ ಟ್ರೈನಿಂಗ್’ ಎಂದು ಹೆಸರು. ಹೆಸರು ದೊಡ್ಡದು, ಹಳ್ಳಿಯ ಮಕ್ಕಳು ಹೆಸರಿಲ್ಲದೆಯೇ ಮಾಡುತ್ತಾ ಬಂದದ್ದು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಸೈಕಲ್ಲಿನಲ್ಲಿ, ನೀರಿನಲ್ಲಿ ಆ ಹೊಡೆತವಿಲ್ಲ. ಆದರೆ ಹೃದಯಕ್ಕೆ ದುಡಿಮೆ ತಪ್ಪದು. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವುದನ್ನು ಅದು ಕ್ರಮೇಣ ಕಲಿಯುತ್ತದೆ. ಕಬಡ್ಡಿಯ ರೈಡ್ 30 ಸೆಕೆಂಡಿನದು. ನುಗ್ಗು, ತಿರುಗು, ತಪ್ಪಿಸಿಕೋ. ನೇರ ಓಟದಲ್ಲಿ ಇಷ್ಟು ದುಡಿಯದ ಸೊಂಟದ ಪಕ್ಕದ ಮಾಂಸಖಂಡಗಳಿಗೂ, ಕಾಲಿನ ಗಿಣ್ಣಿಗೂ ಆಗ ಕೆಲಸ ಬೀಳುತ್ತದೆ. ಖೋ ಖೋ ಕೂಡ ಹಾಗೆಯೇ.

ಹಾಗೆಂದು ಈಜಿದವನಿಗೆ ಓಟ ತಾನಾಗಿ ಬಾರದು. ಉಸಿರು ಸಾಕಷ್ಟಿದ್ದರೂ ಮೀನಖಂಡ ಸೋಲುತ್ತದೆ. ಮೂಳೆ ಗಟ್ಟಿಯಾಗುವುದೂ ನೆಗೆತ, ಓಟಗಳ ಹೊಡೆತದಿಂದಲೇ. ಈಜು, ಸೈಕಲ್ಲಿನಿಂದ ಅದು ಹೆಚ್ಚು ದಕ್ಕದು. ಶಾಲಾ ತಂಡಕ್ಕೆ ಓಡಬೇಕಾದವರು ಓಡಲೇಬೇಕು. ಉಳಿದದ್ದು ಅದಕ್ಕೆ ಆಸರೆ.

<b>ನಾಡಿ ಹೇಳುವ ಮಾತು</b>

ಗಳಿಕೆಯನ್ನು ಅಳೆಯಲು ದುಬಾರಿ ಗಡಿಯಾರ ಬೇಡ. ಬೆಳಗ್ಗೆ ಎಚ್ಚರವಾದೊಡನೆ, ಹಾಸಿಗೆಯಿಂದ ಏಳುವ ಮುಂಚೆ, ಮಣಿಕಟ್ಟಿನ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ದಿನದ ಲೆಕ್ಕಕ್ಕೆ ಬೆಲೆಯಿಲ್ಲ. ವಾರದ ಸರಾಸರಿ ನೋಡಿ. ಎರಡು ತಿಂಗಳಲ್ಲಿ 78 ಇದ್ದದ್ದು 72ಕ್ಕೆ ಇಳಿಯಿತೆನ್ನಿ, ಹೃದಯ ಬಲಿತಿದೆ ಎಂದು ತಿಳಿಯಬಹುದು. ಇದ್ದಕ್ಕಿದ್ದಂತೆ ಏಳೆಂಟು ಬಡಿತ ಏರಿದರೆ ಒಂದೋ ಜ್ವರ ಬರುವುದರಲ್ಲಿದೆ, ಇಲ್ಲವೇ ನಿದ್ದೆ ಸಾಲದು, ಇಲ್ಲವೇ ದಣಿವು ತೀರಿಲ್ಲ. ಅಂದು ಮೈದಾನಕ್ಕೆ ಹೋಗದಿದ್ದರೆ ಏನೂ ನಷ್ಟವಿಲ್ಲ.

ಎರಡನೆಯದು ಮಾತು. ಗೆಳೆಯನ ಜೊತೆ ಓಡುತ್ತಾ ಹರಟಿ ನೋಡಿ. ಮೊದಮೊದಲು ಎರಡು ಪದಕ್ಕೊಮ್ಮೆ ಏದುಸಿರು. ಅದೇ ದಾರಿ, ಅದೇ ವೇಗದಲ್ಲಿ ಒಂದಿಡೀ ವಾಕ್ಯ ಸಲೀಸಾಗಿ ಬಂದರೆ ಗಳಿಕೆ ಆಗಿದೆ. ಆಟದಲ್ಲಿಯೂ ಇದು ಕಾಣುತ್ತದೆ. ಷಟಲ್ಲಿನ ಮೂರನೇ ಗೇಮಿನಲ್ಲೂ ಕಾಲು ಕಾಕ್‌ನ ಹಿಂದೆ ಓಡುತ್ತದೆ. ಮುಂಚೆ ಕೈ ಮಾತ್ರ ಚಾಚುತ್ತಿತ್ತು. ಮಕ್ಕಳು ಇದನ್ನು ಗಮನಿಸುವುದಿಲ್ಲ. ಗಮನಿಸಿ ಹೇಳುವವರು ಹೆಚ್ಚಾಗಿ ಎದುರಾಳಿಗಳೇ!

ಅಂಕಿ ಬೇಕೆನ್ನುವವರಿಗೆ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೆ. 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರಿ? 400 ಮೀಟರಿನ ಮೈದಾನದಲ್ಲಿ ಐದು ಸುತ್ತು ಎಂದರೆ 2,000 ಮೀಟರ್. ಆರು ವಾರಕ್ಕೊಮ್ಮೆ ಸಾಕು. ಡಿಸೆಂಬರಿನ ಬೆಳಗನ್ನು ಏಪ್ರಿಲ್ ಸಂಜೆಯೊಡನೆ ಹೋಲಿಸಬೇಡಿ. ಸೆಖೆಯಲ್ಲಿ ಎದೆ ಬೇಗ ಬಡಿಯುತ್ತದೆ, ಕಲಬುರಗಿಯ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಹದಿಮೂರರ ಹುಡುಗನ ಕಾಲು ವರ್ಷದೊಳಗೆ ಉದ್ದವಾಗಿರುತ್ತದೆ. ಅವನ ಸಮಯ ಸುಧಾರಿಸಿದ್ದರಲ್ಲಿ ಬೆಳವಣಿಗೆಯ ಪಾಲೂ ಇದ್ದೇ ಇದೆ.

<b>ತಂದೆ ತಾಯಿ ನೋಡಬೇಕಾದ್ದು</b>

ಅಭ್ಯಾಸ ತಪ್ಪಿಲ್ಲ, ಊಟ ಬಿಟ್ಟಿಲ್ಲ, ಆದರೂ ಮಗಳು ಓಟದಲ್ಲಿ ಹಿಂದೆ ಬೀಳುತ್ತಿದ್ದಾಳೆ. ಮೆಟ್ಟಿಲು ಹತ್ತಿದರೂ ಸುಸ್ತು. ‘ಸೋಮಾರಿ’ ಎಂದು ಬೈಯುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮಾಂಸಖಂಡಗಳಿಗೆ ಆಮ್ಲಜನಕ ಹೊತ್ತೊಯ್ಯುವವರೇ ಇಲ್ಲದಂತೆ. ಎಷ್ಟು ಓಡಿದರೂ ದಮ್ಮು ಬಾರದು. ಕಬ್ಬಿಣದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಊಟದ ಜೊತೆಗೇ ಕಾಫಿ-ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ನಿಂಬೆರಸ ಹಿಂಡಿದ ಸೊಪ್ಪಿನ ಪಲ್ಯ ಒಳ್ಳೆಯದು. ಸರಿಯಾದ ಓಟಗಾರ್ತಿ ಎರಡು ಮೂರು ತಿಂಗಳಲ್ಲಿ ನಿಮ್ಮ ಕಣ್ಣೆದುರೇ ಎದ್ದು ನಿಂತಾಳು.

ಬೆಳೆಯುವ ಹುಡುಗರಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವಿನ ಗಂಟು ಏಳುವುದುಂಟು. ಮೂಳೆ ಬೇಗ ಉದ್ದವಾಗಿ, ಅದೇ ಜಾಗವನ್ನು ತೊಡೆಯ ಸ್ನಾಯು ಪದೇ ಪದೇ ಎಳೆಯುವುದರ ಫಲ. ಬೆಳವಣಿಗೆ ನಿಂತಾಗ ಸಾಮಾನ್ಯವಾಗಿ ತಾನಾಗಿ ಶಮನವಾಗುತ್ತದೆ. ಅಲ್ಲಿಯವರೆಗೆ ನೆಗೆತ, ಓಟ ಕಡಿಮೆ ಮಾಡಿ ಈಜಿಗೆ ಹಾಕಿದರೆ ಗಳಿಸಿದ ಉಸಿರು ಉಳಿಯುತ್ತದೆ. ಆದರೆ ಕಣಕಾಲಿನ ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ರಾತ್ರಿಯೂ ಸೆಳೆತ ಎಂದಾದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಲೇಬೇಕು. ಮುಲಾಮು ಹಚ್ಚಿಕೊಂಡು ಓಡಿಸುವುದು ತರವಲ್ಲ.

ಇನ್ನು ಪರೀಕ್ಷೆಯ ಮಾತು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದೊಡನೆ ಅನೇಕ ಮನೆಗಳಲ್ಲಿ ಜನವರಿಯಿಂದಲೇ ಬೂಟು ಅಟ್ಟ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ಬಿರುಸಾದ ಚಟುವಟಿಕೆ ಬೇಕೆನ್ನುತ್ತದೆ. ಓದಿನ ನಡುವೆ ಅಷ್ಟು ಸಾಧ್ಯವಾಗದಿರಬಹುದು. ಆದರೆ ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಅಗ್ಗ. ವಾರಕ್ಕೆ ಆರು ದಿನ ಮಾಡುತ್ತಿದ್ದುದನ್ನು ಎರಡು ದಿನಕ್ಕೆ ಇಳಿಸಿದರೂ, ಬಿರುಸು ಮತ್ತು ಅವಧಿ ಕುಗ್ಗಿಸದಿದ್ದರೆ, ದಮ್ಮು ಹಲವು ವಾರ ಹೆಚ್ಚೇನೂ ಕರಗುವುದಿಲ್ಲ. ಪೂರ್ತಿ ಬಿಟ್ಟರೆ ಮಾತ್ರ ಎರಡು ಮೂರು ವಾರದಲ್ಲೇ ಇಳಿತ ಶುರು. ಆದ್ದರಿಂದ ಬುಧವಾರ ಅರ್ಧ ಗಂಟೆ ಓಟ, ಭಾನುವಾರ ಗೆಳೆಯರೊಡನೆ ಒಂದು ಪಂದ್ಯ. ನಾಡಿಯ ನೋಟ್‌ಬುಕ್ ಮಾತ್ರ ಓದುವ ಮೇಜಿನ ಮೇಲೇ ಇರಲಿ; ಎಣಿಸಲು ಬೇಕಾದ್ದು ಒಂದೇ ನಿಮಿಷ.