ಬೀಗವಿಲ್ಲದ ಬಾಗಿಲು, ಒಳಹೊಕ್ಕ ವಿದ್ಯಾರ್ಥಿ

1988ರ ನವೆಂಬರ್ 2ರ ಸಂಜೆ ಅಮೆರಿಕದ ಹಲವು ವಿಶ್ವವಿದ್ಯಾಲಯ ಹಾಗೂ ಸಂಶೋಧನಾಲಯಗಳ ಗಣಕಯಂತ್ರಗಳು ಒಂದೊಂದಾಗಿ ನಿಧಾನಗೊಂಡು ಸ್ತಬ್ಧವಾಗತೊಡಗಿದವು. ಯಾರೂ ಯಾವ ಕಡತವನ್ನೂ ಕದ್ದಿರಲಿಲ್ಲ, ಅಳಿಸಿರಲೂ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬರೆದ ಪುಟ್ಟದೊಂದು ಪ್ರೋಗ್ರಾಂ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹಬ್ಬುತ್ತಿತ್ತು. ಅಂದು ಅಂತರ್ಜಾಲಕ್ಕೆ ಸೇರಿದ್ದ ಸುಮಾರು 60,000 ಯಂತ್ರಗಳಲ್ಲಿ 6,000 ಯಂತ್ರಗಳು ಅದಕ್ಕೆ ತುತ್ತಾದುವೆಂದು ಅಂದಾಜು. ಆ ಯುವಕನ ತಂದೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಸೇರಿದ ಗಣಕ ಸುರಕ್ಷತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದರು. ಮಕ್ಕಳನ್ನು ಬೆಳೆಸುವ ನಮ್ಮಂಥವರ ಮನಸ್ಸು ಈ ಸಂಗತಿಯಲ್ಲಿ ಕೊಂಚ ಹೊತ್ತು ನಿಲ್ಲುವುದು ಸಹಜ.

ಮಾರಿಸನ ಪ್ರೋಗ್ರಾಂ ಒಳಹೊಕ್ಕದ್ದು ಮೊದಲೇ ಇದ್ದ ಬಿರುಕುಗಳ ಮೂಲಕ. ಅಂಚೆ ರವಾನಿಸುವ ತಂತ್ರಾಂಶದಲ್ಲಿ ಪರೀಕ್ಷೆಗೆಂದು ಇಟ್ಟ ದ್ವಾರವೊಂದನ್ನು ಮುಚ್ಚಿರಲಿಲ್ಲ. ಬಳಕೆದಾರರ ವಿವರ ತಿಳಿಸುವ ಇನ್ನೊಂದು ತಂತ್ರಾಂಶ ತನಗೆ ಬಂದ ಮಾತಿನ ಉದ್ದವನ್ನು ಅಳೆಯುತ್ತಿರಲಿಲ್ಲ. ಜನರ ಗುಪ್ತಪದಗಳಂತೂ ಸುಲಭವಾಗಿ ಊಹಿಸಬಹುದಾದ ಸಾಮಾನ್ಯ ಪದಗಳಾಗಿದ್ದವು. ಈ ಬಿರುಕುಗಳನ್ನು ಗುರುತಿಸಿದ್ದು ಅಪರಾಧವೇ? ಖಂಡಿತ ಅಲ್ಲ. ಅದು ಜಾಣತನ, ಅದನ್ನು ಸಂಬಂಧಪಟ್ಟವರಿಗೆ ತಿಳಿಸಿದ್ದರೆ ಉಪಕಾರವೂ ಆಗುತ್ತಿತ್ತು.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಒಮ್ಮೆ ಹೊಕ್ಕ ಯಂತ್ರವನ್ನು ಮತ್ತೆ ಹೊಗದಂತೆ ಆತ ಪ್ರೋಗ್ರಾಮಿಗೆ ಒಂದು ಪ್ರಶ್ನೆ ಕಲಿಸಿದ್ದ: ‘ನಾನು ಈಗಾಗಲೇ ಇಲ್ಲಿದ್ದೇನೆಯೇ?’ ಆದರೆ ಯಂತ್ರದ ಮೇಲ್ವಿಚಾರಕರು ಸುಳ್ಳು ಉತ್ತರ ಕೊಡಿಸಿ ಅದನ್ನು ತಡೆದಾರೆಂದು ಶಂಕಿಸಿ, ಏಳರಲ್ಲಿ ಒಂದು ಬಾರಿ ‘ಹೌದು’ ಎಂದರೂ ನುಗ್ಗುವಂತೆ ಮಾಡಿದ್ದ. ಆ ಒಂದು ಲೆಕ್ಕಾಚಾರ ತಪ್ಪಿತು. ಒಂದೇ ಯಂತ್ರದಲ್ಲಿ ಪ್ರತಿಯ ಮೇಲೆ ಪ್ರತಿ ತುಂಬಿಕೊಂಡು ಯಂತ್ರಗಳು ಉಸಿರುಗಟ್ಟಿದವು. ಗಾಬರಿಗೊಂಡ ಮಾರಿಸ್ ಗೆಳೆಯನೊಬ್ಬನ ಮೂಲಕ, ಹೆಸರಿಲ್ಲದೆ, ಪರಿಹಾರ ಸೂಚಿಸುವ ಸಂದೇಶವನ್ನು ಕಳುಹಿಸಿದ. ತನ್ನ ಕೃತಿಯೇ ಜಾಲವನ್ನು ಕಟ್ಟಿಹಾಕಿದ್ದರಿಂದ ಆ ಸಂದೇಶ ಸಕಾಲಕ್ಕೆ ತಲುಪಲಿಲ್ಲ.

1990ರಲ್ಲಿ ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಪರಿವೀಕ್ಷಣಾವಧಿ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರುಗಳ ದಂಡ ವಿಧಿಸಿತು. ಹಾನಿ ಮಾಡುವ ಉದ್ದೇಶ ತನಗಿರಲಿಲ್ಲವೆಂದು ಆತ ಮೇಲ್ಮನವಿ ಸಲ್ಲಿಸಿದ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅನುಮತಿಯಿಲ್ಲದೆ ಪ್ರವೇಶಿಸುವ ಉದ್ದೇಶವಿದ್ದರೆ ಸಾಕು, ಹಾನಿ ಮಾಡುವ ಉದ್ದೇಶವನ್ನು ಬೇರೆಯಾಗಿ ಸಾಬೀತುಪಡಿಸಬೇಕಿಲ್ಲ ಎಂಬುದು ಅದರ ನಿಲುವು. ಈ ತೀರ್ಪು ಕಠಿಣವೆಂದು ವಾದಿಸುವವರಿದ್ದಾರೆ. ನನಗಾದರೋ ನ್ಯಾಯವೆಂದೇ ತೋರುತ್ತದೆ. ನೆರೆಮನೆಯ ಹಿತ್ತಲ ಬಾಗಿಲಿಗೆ ಅಗುಳಿ ಇಲ್ಲವೆಂದು ನಡುರಾತ್ರಿ ಅವರ ಅಡುಗೆಮನೆಯಲ್ಲಿ ನಿಂತವನು, ‘ನಿಮ್ಮ ಬಾಗಿಲು ಭದ್ರವಿಲ್ಲವೆಂದು ತೋರಿಸಲು ಬಂದೆ’ ಎಂದರೆ ಮನೆಯೊಡತಿ ಏನೆಂದಾಳು?

ಇದೇ ಬಗೆಯ ಬಿರುಕು 2008ರಲ್ಲಿ ಡಾನ್ ಕಾಮಿನ್ಸ್ಕಿ ಎಂಬ ತಜ್ಞನ ಕಣ್ಣಿಗೆ ಬಿದ್ದಿತು. ನಾವು ಬರೆಯುವ ಜಾಲತಾಣದ ಹೆಸರನ್ನು ಯಂತ್ರದ ಅಂಕಿಯ ವಿಳಾಸಕ್ಕೆ ಪರಿವರ್ತಿಸುವ ವ್ಯವಸ್ಥೆಯಲ್ಲೇ ಆ ದೋಷವಿತ್ತು. ಅದನ್ನು ಬಳಸಿದ ವಂಚಕ, ಬ್ಯಾಂಕಿನ ಹೆಸರು ಬರೆದವರನ್ನು ತನ್ನ ನಕಲಿ ಪುಟಕ್ಕೆ ಕರೆದೊಯ್ಯಬಹುದಿತ್ತು. ಕಾಮಿನ್ಸ್ಕಿ ಡಂಗುರ ಸಾರಲಿಲ್ಲ. ಆ ವ್ಯವಸ್ಥೆಯನ್ನು ಬಲ್ಲ ಬೆರಳೆಣಿಕೆಯ ಮಂದಿಗೆ ಮಾತ್ರ ತಿಳಿಸಿದ. ಮಾರ್ಚ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಆವರಣದಲ್ಲಿ ಪರಿಣತರು ಗುಟ್ಟಾಗಿ ಸೇರಿದರು. ಪರಸ್ಪರ ಸ್ಪರ್ಧಿಗಳಾದ ಸಂಸ್ಥೆಗಳು ಜುಲೈ 8ರಂದು ಒಂದೇ ದಿನ ಪರಿಹಾರವನ್ನು ಬಿಡುಗಡೆ ಮಾಡಿದವು. ಎರಡು ವಾರ ಕಳೆಯುವ ಮುನ್ನವೇ ದೋಷದ ವಿವರ ಹೊರಬಿದ್ದಿತಾದರೂ ಹಲವರು ಅಷ್ಟರಲ್ಲಿ ಬಾಗಿಲು ಭದ್ರಪಡಿಸಿಕೊಂಡಿದ್ದರು. ಕೀರ್ತಿ ಕೈಗೆಟುಕುವಂತಿದ್ದಾಗ ತಿಂಗಳುಗಟ್ಟಲೆ ಬಾಯಿ ಬಿಗಿಹಿಡಿಯುವುದು ತರುಣನೊಬ್ಬನಿಗೆ ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಗಳಲ್ಲಿಯೂ ಇಂದು ಗಣಕಶಾಸ್ತ್ರ ಓದುವ ಮಕ್ಕಳಿದ್ದಾರೆ. ಕಾಲೇಜಿನ ಅಂಕಪಟ್ಟಿಯ ತಾಣದೊಳಗೆ ಇಣುಕಿದೆನೆಂದು ಮಗ ಊಟದ ವೇಳೆ ಹೇಳಿದಾಗ ಅಪ್ಪ ಹೆಮ್ಮೆಯಿಂದ ನಗುವುದುಂಟು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಪ್ರಕರಣದಂತೆ ಮಾಲೀಕರ ಅನುಮತಿಯಿಲ್ಲದ ಪ್ರವೇಶವೇ ತಪ್ಪು. ಅದರಲ್ಲಿ ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶ ಸೇರಿದರೆ 66ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದೋಷ ಕಂಡವರು ತಿಳಿಸಲು 2004ರಿಂದ ಕಾರ್ಯನಿರತವಾದ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಮಗನೊಡನೆ ನಗುವ ಅಪ್ಪ ಅದರ ಹೆಸರನ್ನೂ ಅವನಿಗೆ ಹೇಳಬಹುದು.

ಮಾರಿಸ್ ಮುಂದೆ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕನಾದ. ಆ ಸಂಜೆ ಆತ ತನ್ನ ಪ್ರೋಗ್ರಾಮನ್ನು ಬಿಡುಗಡೆ ಮಾಡಿದ್ದು, ತನ್ನ ಗುರುತು ಸಿಗದಿರಲೆಂದು, ಅದೇ ಎಂ.ಐ.ಟಿ.ಯ ಯಂತ್ರವೊಂದರಿಂದ.