ಫ್ರೀಸ್ಟೈಲ್ ಹುಟ್ಟಿದ ಬೀದಿಗಳು

1979ರ ಜುಲೈ 12ರ ರಾತ್ರಿ ಚಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಲಾಯಿತು. ಕರೆ ಕೊಟ್ಟವನು ಒಬ್ಬ ರೇಡಿಯೊ ನಿರೂಪಕ. ಅಂದು ಮೈದಾನದಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ ಮುಂದೆ ಹೌಸ್ ಎಂಬ ನೃತ್ಯಸಂಗೀತದ ಆರಂಭಿಕರಲ್ಲಿ ಒಬ್ಬನಾದ. ಜನ ತಂದ ರೆಕಾರ್ಡುಗಳಲ್ಲಿ ಡಿಸ್ಕೊ ಅಲ್ಲದ, ಆದರೆ ಕಪ್ಪು ಗಾಯಕರು ಹಾಡಿದ ಎಷ್ಟೋ ರೆಕಾರ್ಡುಗಳಿದ್ದವು ಎಂದು ಅವನು ನೆನೆದಿದ್ದಾನೆ. ಆಮೇಲೆ ದೊಡ್ಡ ಕಂಪನಿಗಳು ಡಿಸ್ಕೊದಿಂದ ಕೈತೊಳೆದುಕೊಂಡವು. ಕುಣಿಯುವವರು ಮಾತ್ರ ಕುಣಿತ ನಿಲ್ಲಿಸಲಿಲ್ಲ. ಅವರಿಗೆ ಬೇಕಾದ ಸಂಗೀತವನ್ನು ನ್ಯೂಯಾರ್ಕಿನ ಪುಟ್ಟ ಪುಟ್ಟ ಕಂಪನಿಗಳು ಹನ್ನೆರಡು ಇಂಚಿನ ರೆಕಾರ್ಡುಗಳಲ್ಲಿ ಒದಗಿಸತೊಡಗಿದವು. ಫ್ರೀಸ್ಟೈಲ್ ಮೊಳೆತದ್ದು ಈ ಸಣ್ಣ ಕಂಪನಿಗಳ ನೆಲದಲ್ಲಿ.

ಫ್ರೀಸ್ಟೈಲ್ ಎಂದರೆ ಲ್ಯಾಟಿನೊ ಯುವಜನರ ನೃತ್ಯಸಂಗೀತ ಎನ್ನುವುದು ರೂಢಿ. ಪೋರ್ಟೊ ರಿಕೊ, ಕ್ಯೂಬಾ ಮೂಲದ ಮನೆಗಳ ಹುಡುಗ ಹುಡುಗಿಯರು ಅದನ್ನು ತಮ್ಮದಾಗಿಸಿಕೊಂಡು ಇಂದಿಗೂ ಉಳಿಸಿಕೊಂಡು ಬಂದಿರುವುದರಿಂದ ಆ ಮಾತು ಸುಳ್ಳಲ್ಲ. ಆದರೆ ಅದಕ್ಕೆ ತಾಳ ಕೊಟ್ಟವರು, ಅದನ್ನು ಮೊದಲು ದೇಶಕ್ಕೆಲ್ಲ ಕೇಳಿಸಿದ ದನಿ, ಅದರ ಕೆಲವು ಮುಖ್ಯ ನಿರ್ಮಾಪಕರು ಕಪ್ಪು ಕಲಾವಿದರು ಎಂಬುದನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಅರ್ಧ ಕಥೆಯಷ್ಟೇ.

ತಾಳದಿಂದ ಶುರು ಮಾಡೋಣ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಡಿಜೆ ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸಾನಿಕ್ ಫೋರ್ಸ್ ತಂಡ 1982ರಲ್ಲಿ ಟಾಮಿ ಬಾಯ್ ಕಂಪನಿಗಾಗಿ ‘ಪ್ಲಾನೆಟ್ ರಾಕ್’ ಹಾಡನ್ನು ಮಾಡಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಯಂತ್ರಸಂಗೀತವನ್ನು ಬಂಬಾಟಾ ಬೀದಿಕೂಟಗಳಲ್ಲಿ ನುಡಿಸಿ, ಬ್ರಾಂಕ್ಸ್‌ನ ಹುಡುಗರು ಅದಕ್ಕೆ ಹೇಗೆ ಕುಣಿಯುತ್ತಾರೆ ಎಂದು ಕಂಡಿದ್ದವನು. ನಿರ್ಮಾಪಕ ಆರ್ಥರ್ ಬೇಕರ್, ಕೀಬೋರ್ಡ್ ನುಡಿಸಿದ ಜಾನ್ ರೋಬಿ ಇಬ್ಬರೂ ಬಿಳಿಯರು. ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ತಾಳಯಂತ್ರ ಅವರ ಬಳಿ ಇರಲಿಲ್ಲ. ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ, ಇಪ್ಪತ್ತು ಡಾಲರಿಗೆ ಯಂತ್ರದ ಸಮೇತ ಒಬ್ಬನನ್ನು ಕರೆಸಿಕೊಂಡೆವು ಎಂದು ಬೇಕರ್ ಹೇಳಿಕೊಂಡಿದ್ದಾರೆ.

ಡಿಸ್ಕೊದಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟು ಎಣಿಕೆಗೊಂದರಂತೆ ಬೀಳುತ್ತದೆ: ಒಂದು, ಎರಡು, ಮೂರು, ನಾಲ್ಕು. ‘ಪ್ಲಾನೆಟ್ ರಾಕ್’ನಲ್ಲಿ ಹಾಗಲ್ಲ. ಪೆಟ್ಟು ಕೆಲವೊಮ್ಮೆ ಎಣಿಕೆಯ ಮೇಲೆ, ಕೆಲವೊಮ್ಮೆ ಎರಡು ಎಣಿಕೆಗಳ ಸಂದಿಯಲ್ಲಿ. ಕಾಲು ಊರಬೇಕೆಂದುಕೊಂಡ ಜಾಗದಲ್ಲಿ ಪೆಟ್ಟಿರುವುದಿಲ್ಲ, ಅದಕ್ಕಾಗಿ ಸೊಂಟ, ಭುಜ ಹುಡುಕಾಡುತ್ತವೆ. ಎಲೆಕ್ಟ್ರೊ ಎಂದು ಹೆಸರಾದ ಈ ಮುರಿತಾಳವೇ ಫ್ರೀಸ್ಟೈಲ್‌ನ ಅಡಿಪಾಯ. ಎಲೆಕ್ಟ್ರೊ ಹೆಚ್ಚಾಗಿ ರ್‍ಯಾಪ್ ಹಾಡುವ ಗಂಡಸರ ಮಾತಿಗೆ, ರೋಬಾಟಿನಂಥ ದನಿಗೆ ಒದಗಿತ್ತು. ಪ್ರೇಮ, ಅಗಲಿಕೆ, ಕಣ್ಣೀರು ಅದರೊಳಗೆ ಬರಬೇಕಿತ್ತು.

ಅವನ್ನು ತಂದವಳು ಷಾನನ್. ಪೂರ್ತಿ ಹೆಸರು ಬ್ರೆಂಡಾ ಷಾನನ್ ಗ್ರೀನ್. ವಾಷಿಂಗ್ಟನ್‌ನಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಕಪ್ಪು ಹುಡುಗಿ. ಕ್ರಿಸ್ ಬಾರ್ಬೋಸಾ ಮತ್ತು ಎಡ್ ಚಿಸಮ್ ಬರೆದ ‘ಲೆಟ್ ದ ಮ್ಯೂಸಿಕ್ ಪ್ಲೇ’ ಎಂಬ ಹಾಡನ್ನು ಅವಳಿಂದ ಹಾಡಿಸಿ ಎಮರ್ಜೆನ್ಸಿ ಎಂಬ ಸಣ್ಣ ಕಂಪನಿ 1983ರಲ್ಲಿ ಬಿಡುಗಡೆ ಮಾಡಿತು. ಬಾರ್ಬೋಸಾ 808 ತಾಳಯಂತ್ರವನ್ನೂ ಟಿಬಿ-303 ಎಂಬ ಬಾಸ್ ಯಂತ್ರವನ್ನೂ ಒಂದಕ್ಕೊಂದು ಜೋಡಿಸಿ ಓಡಿಸಿದ. (ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಇದೇ ಎರಡು ಯಂತ್ರಗಳನ್ನೂ ಬಳಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ್ದರು ಎಂಬುದನ್ನು ನಮ್ಮ ಓದುಗರು ಮರೆಯಬಾರದು.) ಷಾನನ್ ಹಾಡಿನಲ್ಲಿ ಡ್ರಮ್ಮಿನ ಪ್ರತಿಧ್ವನಿಯನ್ನು ಹಿಗ್ಗಿಸಿ, ಅದು ಕರಗುವ ಮೊದಲೇ ತಟ್ಟನೆ ಕತ್ತರಿಸಿದರು. ಹಾಗಾಗಿ ಪ್ರತಿ ಪೆಟ್ಟೂ ಬಾಗಿಲು ಬಡಿದಂತೆ ಬಂದು ಎರಗುತ್ತದೆ. ಅದರ ಮೇಲೆ ಷಾನನ್‌ಳ ದನಿ. ಕಪ್ಪು ಸಮುದಾಯದ ಸೋಲ್ ಗಾಯನದ ಬಿಸಿ ಅದರಲ್ಲಿದೆ. ಆದರೆ ಅವಳು ಕೂಗಿ ಹಾಡುವುದಿಲ್ಲ. ಯಂತ್ರ ಎಷ್ಟು ಗಡುಸೋ ಅವಳು ಅಷ್ಟು ತೆರೆದ ಮನಸ್ಸಿನವಳಾಗಿ ಕೇಳಿಸುತ್ತಾಳೆ. ಗಡುಸು ತಾಳ, ನೊಂದ ದನಿ: ಮುಂದಿನ ಹತ್ತು ವರ್ಷ ಫ್ರೀಸ್ಟೈಲ್ ಹಾಡಿದವರೆಲ್ಲ ಈ ಜೋಡಿಯನ್ನೇ ಹಿಡಿದು ನಡೆದರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 1984ರ ಆರಂಭದಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು.

ಮಯಾಮಿಯ ಕಥೆ ಬೇರೆ ಬಾಗಿಲಿನಿಂದ ಶುರುವಾಗುತ್ತದೆ. ಅಲ್ಲಿ ಪ್ರೆಟಿ ಟೋನಿ ಎಂದು ಹೆಸರಾದ ಕಪ್ಪು ನಿರ್ಮಾಪಕ ಟೋನಿ ಬಟ್ಲರ್, ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಬಿಳಿಯ ಹುಡುಗಿ ಡೆಬಿ ಡೆಬ್‌ಳಿಂದ ‘ವೆನ್ ಐ ಹಿಯರ್ ಮ್ಯೂಸಿಕ್’ ಹಾಡಿಸಿದ. ಕಪ್ಪು ಗಾಯಕಿ ಟ್ರಿನಿಯರ್‌ಳ ಹಾಡುಗಳೂ ಅವನ ಕೈಯಲ್ಲೇ ರೂಪುಗೊಂಡವು. ಅವನ ಸ್ವಂತ ತಂಡದ ಹೆಸರೇ ಫ್ರೀಸ್ಟೈಲ್. 1985ರ ‘ಡೋಂಟ್ ಸ್ಟಾಪ್ ದ ರಾಕ್’ ಆ ತಂಡದ್ದು. ಇಡೀ ಪ್ರಕಾರಕ್ಕೆ ಹೆಸರು ಬಂದದ್ದು ಈ ತಂಡದಿಂದಲೇ ಎಂದು ಹಲವರು ನಂಬುತ್ತಾರೆ.

ನ್ಯೂಯಾರ್ಕಿನಲ್ಲಿ ಇನ್ನೊಂದು ಮನೆ ಕೆಲಸ ಮಾಡುತ್ತಿತ್ತು, ಬ್ರೂಕ್ಲಿನ್‌ನ ಫುಲ್ ಫೋರ್ಸ್. ಮೂವರು ಅಣ್ಣತಮ್ಮಂದಿರು, ಅವರ ಜೊತೆಗೆ ಸೋದರಸಂಬಂಧಿಗಳು. ಎಲ್ಲರೂ ಕಪ್ಪು ಯುವಕರು. ಪೋರ್ಟೊ ರಿಕೊ ಮೂಲದ ಲೀಸಾ ವೆಲೆಸ್ ಎಂಬ ಹದಿಹರೆಯದ ಹುಡುಗಿಯನ್ನು ಮುಂದೆ ನಿಲ್ಲಿಸಿ, ಲೀಸಾ ಲೀಸಾ ಅಂಡ್ ಕಲ್ಟ್ ಜ್ಯಾಮ್ ತಂಡಕ್ಕೆ ಹಾಡು ಬರೆದು ಸಂಗೀತ ಕೂಡಿಸಿದವರು ಅವರು. 1985ರಲ್ಲಿ ಅಮೆರಿಕದಲ್ಲಿ ಗೆದ್ದ ‘ಐ ವಂಡರ್ ಇಫ್ ಐ ಟೇಕ್ ಯು ಹೋಮ್’ ಇವರದೇ ಕೃತಿ. 1987ರಲ್ಲಿ ತಂಡದ ಎರಡು ಹಾಡುಗಳು ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೆ ಮುಟ್ಟಿದವು. ಮೊದಲ ಆಲ್ಬಂನ ಹೆಸರಿನಲ್ಲೇ ಫುಲ್ ಫೋರ್ಸ್ ಇದೆ. ಆದರೂ ಕೇಳುಗರ ನೆನಪಿನಲ್ಲಿ ಉಳಿದದ್ದು ಹೊದಿಕೆಯ ಮೇಲಿನ ಹುಡುಗಿಯ ಮುಖ.

ಈ ಕಪ್ಪು ಕಲಾವಿದರ ಹೆಸರುಗಳು ಹಿಂದೆ ಸರಿದದ್ದು ಯಾರದೋ ಸಂಚಿನಿಂದಲ್ಲ. ಅಂದಿನ ರೆಕಾರ್ಡ್ ಅಂಗಡಿ, ರೇಡಿಯೊಗಳಿಗೆ ಪ್ರತಿಯೊಂದು ಸಂಗೀತಕ್ಕೂ ಒಂದು ಸಮುದಾಯದ ಚೀಟಿ ಅಂಟಿಸಬೇಕಿತ್ತು. ಆರಂಭದಲ್ಲಿ ಫ್ರೀಸ್ಟೈಲನ್ನು ‘ಲ್ಯಾಟಿನ್ ಹಿಪ್‌ಹಾಪ್’ ಎಂದು ಕರೆದವರೂ ಇದ್ದರು. 80ರ ದಶಕ ಮುಗಿಯುವ ಹೊತ್ತಿಗೆ ಕಪ್ಪು ಯುವಜನರು ಹೆಚ್ಚಾಗಿ ರ್‍ಯಾಪ್, ಹೌಸ್‌ಗಳ ಕಡೆ ಹೋದರು. ಟಿಕೆಎ, ಕವರ್ ಗರ್ಲ್ಸ್, ಜೂಡಿ ಟೋರೆಸ್ ಮೊದಲಾದ ಲ್ಯಾಟಿನೊ ಕಲಾವಿದರು ಫ್ರೀಸ್ಟೈಲ್‌ನ ಮುಖವಾದರು. ಆದರೆ ಈ ಹಾಡುಗಳಲ್ಲಿ ಕೇಳುವ ಕೌಬೆಲ್‌ನ ಟಣಟಣ, ಕಾಂಗಾ ಡ್ರಮ್ಮಿನ ನುಡಿ, ಕ್ಯೂಬಾದ ಕ್ಲಾವೆ ಲಯ ಯಾರವು? ಗುಲಾಮರಾಗಿ ಕ್ಯೂಬಾಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರು ಹೊತ್ತು ತಂದ ಲಯಗಳಿಂದ ಬೆಳೆದವು ಅವು. ಬ್ರಾಂಕ್ಸ್‌ನ ಒಂದೇ ಓಣಿಯಲ್ಲಿ ಬಾಳಿದ ಕಪ್ಪು ಮತ್ತು ಪೋರ್ಟೊ ರಿಕೊ ಮನೆಗಳ ಮಕ್ಕಳು ಪರಸ್ಪರರ ತಾಳವನ್ನು ಅಷ್ಟು ಬೇಗ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಓದುಗರು ‘ಪ್ಲಾನೆಟ್ ರಾಕ್’ ಕೇಳಿ, ತಕ್ಷಣ ‘ಲೆಟ್ ದ ಮ್ಯೂಸಿಕ್ ಪ್ಲೇ’ ಹಾಕಬೇಕು. ಮಾತು, ರಾಗ ಬದಿಗಿಟ್ಟು ದೊಡ್ಡ ಡ್ರಮ್ಮಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಬೆರಳಿನಲ್ಲಿ ಎಣಿಸಿ. ಆಮೇಲೆ ಟಿಕೆಎ ತಂಡದ ಯಾವುದಾದರೂ ಹಳೆಯ ಹಾಡನ್ನು ಹಾಕಿ, ಅದೇ ಬೆರಳಿನಿಂದ ಎಣಿಕೆ ಮುಂದುವರಿಸಿ.