ಗಾಯಾಳುವಿನ ಮೊದಲ ಒಂದು ಗಂಟೆ

ಮಗ ಬೈಕಿನಿಂದ ಬಿದ್ದಿದ್ದಾನೆಂದು ಯಾರೋ ಫೋನ್ ಮಾಡುತ್ತಾರೆ. ಆಗ ನೀವು ಏನು ಹೇಳುತ್ತೀರಿ? ಹೆಚ್ಚಿನ ತಾಯಂದಿರ ಬಾಯಿಂದ ಬರುವ ಮಾತು, 'ಬೇಗ ದೊಡ್ಡ ಆಸ್ಪತ್ರೆಗೆ ಕೊಂಡೊಯ್ಯಿರಿ.' ಬೇಗ ಎಂಬುದು ಸರಿ. ದೊಡ್ಡದು ಎಂಬುದರ ಬಗ್ಗೆ ಸ್ವಲ್ಪ ಯೋಚಿಸಬೇಕಾಗಿದೆ.

ಗಂಭೀರವಾಗಿ ಗಾಯಗೊಂಡ ಬಳಿಕದ ಮೊದಲ ಒಂದು ಗಂಟೆಯನ್ನು ವೈದ್ಯರು 'ಗೋಲ್ಡನ್ ಅವರ್' ಎನ್ನುತ್ತಾರೆ. ಆದರೆ ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿ ಹೋದವನಿಗೆ ಒಂದು ಗಂಟೆಯೂ ಇರುವುದಿಲ್ಲ, ಕೆಲವೇ ನಿಮಿಷಗಳಿರುತ್ತವೆ. ಅವನ ಪಾಲಿಗೆ ಪಕ್ಕದಲ್ಲಿ ನಿಂತವರೇ ವೈದ್ಯರು. ಆದ್ದರಿಂದ ಫೋನ್ ಮಾಡಿದವರಿಗೆ ಮೊದಲು ಹೇಳಿ: ರಕ್ತ ಹರಿಯುತ್ತಿರುವಲ್ಲಿ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಶಾಲು, ದುಪಟ್ಟಾ ಯಾವುದಾದರೂ ಆದೀತು. ರಕ್ತ ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬಾರದು. ಚುಚ್ಚಿಕೊಂಡ ಗಾಜು, ಕಬ್ಬಿಣದ ತುಂಡನ್ನು ಕೀಳಲೂ ಬಾರದು. ಮತ್ತೊಬ್ಬರು 108ಕ್ಕೆ ಕರೆ ಮಾಡಲಿ.

ಬಿದ್ದವನನ್ನು ಎತ್ತಿ ಕೂರಿಸಿ ಬಾಯಿಗೆ ನೀರು ಹಾಕುವುದು ನಮ್ಮವರ ಹಳೆಯ ಅಭ್ಯಾಸ. ಕರುಣೆಯಿಂದಲೇ ಮಾಡುತ್ತಾರೆ ನಿಜ. ಆದರೆ ಎಚ್ಚರ ತಪ್ಪಿದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕತ್ತಿನ ಮೂಳೆ ಮುರಿದಿದ್ದರೆ ಎತ್ತಿ ಕೂರಿಸುವಾಗಲೇ ಬೆನ್ನುಹುರಿಗೆ ಪೆಟ್ಟಾಗಿ ಆತ ಜೀವನಪೂರ್ತಿ ಹಾಸಿಗೆ ಹಿಡಿಯಬಹುದು.

ರಕ್ತಸ್ರಾವದ ವಿಷಯದಲ್ಲಿ ನೀವು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಮುಟ್ಟಿನ ವೇಳೆ ಅತಿಯಾಗಿ ರಕ್ತ ಹೋಗುವವರಿಗೆ ವೈದ್ಯರು ಬರೆದುಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ದುಬಾರಿಯದ್ದೇನಲ್ಲ. 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಅದೇ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು ಪರೀಕ್ಷಿಸಿದಾಗ ಸಾವು ಕಡಿಮೆಯಾದುದು 2010ರಲ್ಲಿ ಪ್ರಕಟವಾಯಿತು. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಲಾಭ, ಬಳಿಕ ಕೊಟ್ಟರೆ ಹಾನಿಯೂ ಆಗಬಹುದೆಂದು ಮರುವರ್ಷ ತಿಳಿದುಬಂತು. ಔಷಧ ಅದೇ, ಬದಲಾದುದು ಹೊತ್ತು ಮಾತ್ರ! (ಮನೆಯಲ್ಲಿರುವ ಮಾತ್ರೆಯನ್ನು ಗಾಯಾಳುವಿಗೆ ನುಂಗಿಸಲು ಹೋಗಬೇಡಿ.)

ಇನ್ನು ಆಸ್ಪತ್ರೆಯ ಮಾತು. ಸುಳ್ಯ, ಬೆಳ್ತಂಗಡಿಯ ಕಡೆ ಅಪಘಾತವಾದರೂ ನೇರವಾಗಿ ಮಂಗಳೂರಿಗೇ ಹೋಗಬೇಕೆಂದು ಹಟ ಹಿಡಿಯುವವರಿದ್ದಾರೆ. ಉಸಿರಾಟಕ್ಕೆ ತೊಂದರೆಯಿದ್ದರೆ, ರಕ್ತ ನಿಲ್ಲದಿದ್ದರೆ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಅದನ್ನು ಸರಿಪಡಿಸಿಕೊಂಡು ಮುಂದೆ ಹೋಗುವುದು ಲೇಸು. ಆದರೆ ಅಲ್ಲಿ ಶಸ್ತ್ರಚಿಕಿತ್ಸಕರಿಲ್ಲ, ರಕ್ತವಿಲ್ಲ ಎಂದಾದರೆ ಸುಮ್ಮನೆ ಗಂಟೆಗಟ್ಟಲೆ ಮಲಗಿಸಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊರಡುವ ಮೊದಲೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ, ಈ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರಿದ್ದಾರೆಯೇ, ಸ್ಕ್ಯಾನ್ ಆಗುತ್ತದೆಯೇ ಎಂದು ವಿಚಾರಿಸಿ. ರಾತ್ರಿಯಂತೂ ಬೋರ್ಡು ನೋಡಿ ನಂಬಬೇಡಿ.

ಪೊಲೀಸರು ಬರದೆ ಮುಟ್ಟುವುದಿಲ್ಲ ಎಂದು ಆಸ್ಪತ್ರೆಯವರು ಹೇಳುವಂತಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಗಾಯಾಳುವನ್ನು ತಂದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅವರಿಗೆ ರಕ್ಷಣೆ ನೀಡಿದೆ. ದುಡ್ಡಿನ ಚಿಂತೆಯಲ್ಲೂ ಹೊತ್ತು ಕಳೆಯಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅದನ್ನು ಕೇಳಿ ಪಡೆಯಿರಿ.

ಗಾಯಾಳು ಸಕ್ಕರೆ ಕಾಯಿಲೆಯ ಔಷಧವನ್ನೋ, ರಕ್ತ ತೆಳುವಾಗಿಸುವ ಮಾತ್ರೆಯನ್ನೋ ಸೇವಿಸುತ್ತಿದ್ದರೆ ವೈದ್ಯರು ಕೇಳುವ ಮೊದಲೇ ತಿಳಿಸಿ. ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆಂಬುದು ನಿಮ್ಮಷ್ಟು ಬೇರೆ ಯಾರಿಗೆ ಗೊತ್ತು?